ಎಡಗೈಯ ಶಾಮಿಸೆನ್

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ತಮ್ಮ ತಮ್ಮ ಊರು ಸೇರಿದ್ದಾರೆ. ಕ್ಯೋಟೊದ ಓಣಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಮಿಚಿರು ಮುದ್ರಣಮನೆಯ ಬಾಗಿಲು ಸರಿಸಿ ಚಿತ್ರ ಒತ್ತುವ ಮಣೆಯ ಮುಂದೆ ಕೂರುತ್ತಾಳೆ. ಇಲ್ಲೇ ಹಲಗೆ ಕೆತ್ತುತ್ತಿದ್ದ ಗಂಡ ಸೊಯಿಚಿ ಹೋದ ಮೇಲೆ ಇದು ಕೆಲಸದ ಮೊದಲ ದಿನ. ಕೆತ್ತಿದ ಹಲಗೆಗೆ ಮಸಿ ಹಚ್ಚಿ, ಒದ್ದೆ ಹಾಳೆ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಉಜ್ಜುತ್ತಾಳೆ.

ಒಂದು ಚಿತ್ರಕ್ಕೆ ಹನ್ನೊಂದು ಬಣ್ಣ. ಅಷ್ಟೂ ಸಲ ಪ್ರತಿ ಹಾಳೆಯೂ ಅವಳ ಅಂಗೈಯಡಿ ಹಾಯಬೇಕು. ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಓದಿದವಳಿಗೆ ಈಗ ಮೂವತ್ತೊಂದು. ಮಣೆಗೆ ಕೂತು ಎಂಟು ವರ್ಷ. ಚಿತ್ರದ ಮೂಲೆಯಲ್ಲಿ ಬರೆದವರ ಹೆಸರಿರುತ್ತದೆ. ಕೆತ್ತಿದವರದು, ಒತ್ತಿದವರದು ಇರುವುದಿಲ್ಲ. ಈ ಸಲ ಸೊಯಿಚಿ ತಾನೇ ಬರೆದು ತಾನೇ ಕೆತ್ತಿದ್ದ: ಮೂರು ತಂತಿಯ ಶಾಮಿಸೆನ್ ನುಡಿಸುವ ಅಜ್ಜಿ, ತಗ್ಗಿದ ಕಣ್ಣು, ಹಿಂದೆ ಬೋಳು ಪ್ಲಮ್ ಕೊಂಬೆಯಲ್ಲಿ ಒಂದೇ ಹೂವು. ಒತ್ತಿ ಮುಗಿದ ಮೇಲೆ ಅವನ ಹೆಸರಿನ ಮುದ್ರೆ ಬೀಳುವ ಮೊದಲ ಚಿತ್ರ. ಕೊನೆಯದೂ.

“ಅವರು ಬರೆದಿದ್ದು ನೋಡಿದೋರೆಲ್ಲ ಆ ಕಣ್ಣಲ್ಲಿ ದುಃಖ ಇದೆ ಅಂತಾರೆ,” ಎನ್ನುತ್ತಾಳೆ ಮಿಚಿರು, ಪಕ್ಕದಲ್ಲಿ ನಿಂತ ಯಜಮಾನ ಮುರಾಸೆಗೆ. “ದುಃಖ ಅಲ್ಲ. ಮುಂದಿನ ಸ್ವರಕ್ಕೆ ಕಿವಿ ಕೊಟ್ಟಿದಾರೆ.”

ಹಾಳೆ ಎತ್ತುತ್ತಾಳೆ. ಬಲಗೈಯಲ್ಲಿ ಮೀಟಬೇಕಾದ ತಂತಿಯನ್ನು ಅಜ್ಜಿ ಎಡಗೈಯಲ್ಲಿ ಮೀಟುತ್ತಿದ್ದಾರೆ! ಹಲಗೆಯಲ್ಲಿರುವುದು ಒತ್ತಿದಾಗ ಎಡಬಲ ತಿರುಗುತ್ತದೆ; ಅದಕ್ಕೇ ಕೆತ್ತುವ ಮೊದಲು ತೆಳು ಹಾಳೆಯ ಚಿತ್ರವನ್ನು ಹಲಗೆಗೆ ಮುಖ ಕೆಳಗಾಗಿ ಅಂಟಿಸಬೇಕು. ಜ್ವರದಲ್ಲಿದ್ದ ಸೊಯಿಚಿ ಮುಖ ಮೇಲಾಗಿ ಅಂಟಿಸಿ ಕೆತ್ತಿಬಿಟ್ಟಿದ್ದಾನೆ. ಎಷ್ಟೋ ದಿನದ ಮೇಲೆ ಮಿಚಿರು ನಗುತ್ತಾಳೆ.

“ನಿನ್ನೆ ಕೆಲಸಕ್ಕೆ ಬಂದೋನೂ ಮಾಡದ ತಪ್ಪು,” ಮುರಾಸೆ ತಲೆ ಕೆರೆದುಕೊಳ್ಳುತ್ತಾರೆ. “ವಾದ್ಯದೋರು ಅಂಗಡಿ ಮುಂದೆ ನಿಂತು ನಗ್ತಾರಮ್ಮ. ಹಲಗೆ ಹೆರೆದುಬಿಡೋಣ.”

“ಅಜ್ಜೀನ ಒಂದ್ ಮಾತು ಕೇಳ್ತೀನಿ ಯಜಮಾನ್ರೇ. ಬೇಡ ಅಂದ್ರೆ ನಾನೇ ಹೆರೀತೀನಿ.”

ಚಿತ್ರದಲ್ಲಿರುವ ಆ ಅಜ್ಜಿ ಇದೇ ಓಣಿಯ ಮೂರನೇ ಮನೆಯ ಕಿನುಯೆ, ಶಾಮಿಸೆನ್ ಪಾಠ ಹೇಳುವವರು. ಚಿತ್ರ ನೋಡಿದವರೇ ಚಹಾ ಚೆಲ್ಲುವ ಹಾಗೆ ನಗುತ್ತಾರೆ.

“ಅಯ್ಯೋ ನಿನ್ ಗಂಡ! ಅರವತ್ತು ವರ್ಷ ಎಡಚರಿಗೆಲ್ಲ ಬೈದೋಳು ನಾನು!”

ಅಜ್ಜಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ.

“ಕನ್ನಡಿ ಮುಂದೆ ಕೂತು ಕಲಿತೋಳು ಕಣೇ ನಾನು. ನನಗೆ ನಾನು ಕಾಣೋದು ಹೀಗೇ. ಹಲಗೆ ಮುಟ್ಟಿದ್ರೆ ನೋಡು! ಆಕಾಶಕ್ಕೆ ಯಾವ ಬಣ್ಣ?”

“ಬೆಳಗಿಂದು. ಬಣ್ಣ ಹಚ್ಚೋದು ನನ್ ಕೈಲಿದೆ ಅಜ್ಜಿ.”

ಮಿಚಿರು ಬಟ್ಟೆಯ ಗಂಟು ಬಿಚ್ಚುತ್ತಾಳೆ. ಒಳಗೆ, ಕೈಯ ಹಿಡಿತ ಬರೆಯಲೆಂದು ಸೊಯಿಚಿ ಅಜ್ಜಿಯಿಂದ ಕೇಳಿ ಒಯ್ದಿದ್ದ, ತಂತಿ ಮೀಟುವ ಮರದ ಪಟ್ಟಿ. ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಮುಂದೆ ಚಾಚುತ್ತಾಳೆ.

ಅಜ್ಜಿ ಅದನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಾರೆ.