582ಕ್ಕೆ ಏಳು ಜಗ್ಗು ನೀರು

ಬೆಳಗಿನ ಐದೂವರೆ. ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಸೊಪ್ಪಿನ ಕಟ್ಟುಗಳು ಇನ್ನೂ ಗಾಡಿಯಿಂದ ಇಳಿಯುತ್ತಿವೆ. ಅಲ್ಲಿಂದ ಎರಡು ಅಡ್ಡರಸ್ತೆ ದಾಟಿದರೆ ಬೋರ್ಡಿಲ್ಲದ ಒಂದು ಮನೆ. ಅದರ ಗೇಟಿನ ಬಳಿ ನಿಂತು ಕಲ್ಯಾಣಮ್ಮ ಮುಡಿದ ಮಲ್ಲಿಗೆಯನ್ನು ತೆಗೆದು ಕಾಂಪೌಂಡಿನ ಮೊಳೆಗೆ ಸಿಕ್ಕಿಸುತ್ತಾರೆ. ಒಳಗೆ ಹೂವಿನ ವಾಸನೆ ಕೂಡದು. ಊದುಬತ್ತಿ ಕೂಡದು, ಪರಿಮಳದ ಎಣ್ಣೆ ಕೂಡದು, ಒಗ್ಗರಣೆಯ ಮಾತಂತೂ ಎತ್ತಲೇಬೇಡಿ. ಅಡುಗೆಮನೆಯೇನೋ ಇದೆ, ಆದರೆ ಅಲ್ಲಿ ಒಲೆ ಹಚ್ಚುವಂತಿಲ್ಲ. ಕಲ್ಯಾಣಮ್ಮ ಕೈಗೆ ವಾಸನೆಯಿಲ್ಲದ ಸೋಪು ಹಚ್ಚಿ ಮೊಣಕೈವರೆಗೆ ಎರಡು ಸಲ ತೊಳೆದುಕೊಂಡು, ಎಪ್ಪತ್ತೆರಡು ಬಿಳಿ ತಟ್ಟೆಗಳನ್ನು ಒಂದೊಂದಾಗಿ ಒರೆಸಲು ಕೂರುತ್ತಾರೆ.

ಏಳಕ್ಕೆ ಜಗನ್ನಾಥ ಅವರ ಆಟೊ ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಹಾಟ್‌ಬಾಕ್ಸು. ಒಂದೊಂದರಲ್ಲಿ ಒಂದೊಂದು ಫಾಸ್ಟ್‌ಫುಡ್ ಕಂಪನಿಯ ಬೆಳಗಿನ ಸ್ಯಾಂಡ್‌ವಿಚ್, ಹನ್ನೆರಡರಂತೆ. ದುಂಡನೆಯ ಬನ್ನು, ನಡುವೆ ತರಕಾರಿ ಟಿಕ್ಕಿ, ಮೇಲೊಂದು ಚೀಸ್ ಹಾಳೆ. ಇಲ್ಲಿಂದ ಮುಂದೆ ಕಲ್ಯಾಣಮ್ಮನ ಕೈಚಳಕ ನೋಡಬೇಕು. ಕಂಪನಿಯ ಬಣ್ಣದ ಕಾಗದ ಬಿಚ್ಚಿ ಚೀಲಕ್ಕೆ ಹಾಕಿ, ಚಾಕುವನ್ನು ಒಂದೇ ಸಲ ಎಳೆಯುತ್ತಾರೆ. ಟಿಕ್ಕಿ ಜಾರುವುದಿಲ್ಲ, ಚೀಸ್ ಹರಿಯುವುದಿಲ್ಲ, ಎರಡು ಹೋಳು ಅಣ್ಣತಮ್ಮಂದಿರ ಪಾಲಿನ ಹಾಗೆ ಸಮ. ಮೂರು ಕಂಪನಿಗೆ ಮೂರು ಚಾಕು, ಮೂರು ಬಟ್ಟೆ. ಒಂದರ ತುಣುಕು ಇನ್ನೊಂದಕ್ಕೆ ತಾಗಬಾರದು. ಪ್ರತಿ ತಟ್ಟೆಯ ಅಂಚಿಗೆ ಕಂಪನಿಯ ಹೆಸರಿನ ಬದಲು ಮೂರಂಕಿಯ ಚೀಟಿ ಬೀಳುತ್ತದೆ. ಕಾಗದ ಬಿಚ್ಚಿದ್ದರಿಂದ ತಟ್ಟೆ ಹೊರಕೋಣೆ ಸೇರುವತನಕ ನಾಲ್ಕೇ ನಿಮಿಷ.

ಹೊರಕೋಣೆಯಲ್ಲಿ ಆರು ಜನ ಹೆಂಗಸರು ಕಾದು ಕೂತಿರುತ್ತಾರೆ. ಇದೊಂದು ಮಾರುಕಟ್ಟೆ ಸಮೀಕ್ಷೆ ಮಾಡುವ ಸಂಸ್ಥೆಯ ರುಚಿ ನೋಡುವ ಮನೆ. ವಿಜಯನಗರ, ಬಸವೇಶ್ವರನಗರ, ಅತ್ತಿಗುಪ್ಪೆಗಳಿಂದ ದಿನಕ್ಕೆ ಇಪ್ಪತ್ನಾಲ್ಕು ಮಂದಿ ನಾಲ್ಕು ಪಂಕ್ತಿಯಲ್ಲಿ ಬಂದು, ಯಾವುದು ಯಾರದ್ದೆಂದು ತಿಳಿಯದೆ ಮೂರನ್ನೂ ತಿಂದು ಒಂಬತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ಹೋಗುತ್ತಾರೆ. ಅವರ ಅಂಕ ನೋಡಿಕೊಂಡು ದೊಡ್ಡ ದೊಡ್ಡ ಕಂಪನಿಗಳು ಅಂಗಡಿ ತೆರೆಯುತ್ತವೆ, ರುಚಿ ಬದಲಿಸುತ್ತವೆ. ಯಾವ ಸಂಖ್ಯೆ ಯಾವ ಕಂಪನಿಯದ್ದೆಂದು ಈ ಮನೆಯಲ್ಲಿ ಬಲ್ಲವರು ಕಾಗದ ಬಿಚ್ಚುವ ಕಲ್ಯಾಣಮ್ಮ ಒಬ್ಬರೇ. ಮೇಲ್ವಿಚಾರಕ ಆತ್ರೇಯ ಅವರಿಗೂ ಪರೀಕ್ಷೆಯ ಕೊನೆಯ ದಿನದವರೆಗೆ ತಿಳಿಯುವುದಿಲ್ಲ. ಗಂಡನಿಗಾದರೂ ಹೇಳಿದ್ದೀರಾ ಎಂದರೆ ಕಲ್ಯಾಣಮ್ಮ ನಗುತ್ತಾರೆ. "ಅವ್ರಿಗೆ ಹೇಳಿದ್ರೆ ಅತ್ತಿಗುಪ್ಪೆ ಬಸ್‌ಸ್ಟಾಪಿಗೇ ಹೇಳ್ದಂಗೆ."

ಇಷ್ಟು ನಂಬಿಕೆಯ ಕೆಲಸ ಮಾಡುವವರನ್ನು ಯಾರಾದರೂ ಗುರುತಿಸುತ್ತಾರಾ? ಇಲ್ಲ. ತಿಂದವರಿಗೆ ಕಾಣುವುದು ಪರದೆಯ ಸಂದಿಯಿಂದ ಬರುವ ಎರಡು ಕೈ ಮಾತ್ರ. ಈ ಜೂನ್ ತಿಂಗಳಲ್ಲಂತೂ ಆ ಎರಡು ಕೈಗೂ ಕೆಲಸ ತಪ್ಪುವುದರಲ್ಲಿತ್ತು. ಮನೆಯನ್ನೇ ಮುಚ್ಚಿ ಊರಿನ ಪೂರ್ವಕ್ಕಿರುವ ಒಂದು ಶಾಪಿಂಗ್ ಮಾಲ್‌ಗೆ ಸಾಗಿಸುವುದೆಂದು ಸಂಸ್ಥೆ ಯೋಚಿಸಿತ್ತು. ಐದೂವರೆಗೆ ಅಲ್ಲಿ ಹಾಜರಿರಬೇಕಾದರೆ ಕಲ್ಯಾಣಮ್ಮನ ಮನೆಯಿರುವ ಅತ್ತಿಗುಪ್ಪೆಯಿಂದ ಎರಡು ಬಸ್ಸು ಬದಲಿಸಬೇಕು, ಮೊದಲ ಬಸ್ಸೇ ಆ ಹೊತ್ತಿಗೆ ಹೊರಟಿರುವುದಿಲ್ಲ. ಐವತ್ತೊಂದು ವಯಸ್ಸಿನ ಹೆಂಗಸಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಇಂಥ ಕೆಲಸ ಮತ್ತೆ ಸಿಗುವುದು ಕನಸಿನ ಮಾತು.

ಕಲ್ಯಾಣಮ್ಮನ ಗಂಡ ಮರಿಯಪ್ಪ ರಾಜಾಜಿನಗರದ ಕಡೆ ಒಂದು ಮಿಲ್ಲಿನಲ್ಲಿ ನೇಯುತ್ತಿದ್ದವರು. ಮಿಲ್ಲು ಬಾಗಿಲು ಹಾಕಿದ ಮೇಲೆ ಅಪಾರ್ಟ್‌ಮೆಂಟೊಂದರಲ್ಲಿ ಕಾವಲು ಕಾಯುತ್ತಾರೆ. ಮಗಳು ಚೇತನಾ ಬಿ.ಕಾಂ. ಓದುತ್ತಿದ್ದಾಳೆ. ಮಿಲ್ಲು ಮುಚ್ಚಿದ ವರ್ಷವೇ ಕಲ್ಯಾಣಮ್ಮ ಬಸವೇಶ್ವರನಗರದ ಕಲ್ಯಾಣಮಂಟಪಗಳಿಗೆ ಅಡುಗೆ ಕಂಟ್ರಾಕ್ಟರ ಜೊತೆ ಹೋಗತೊಡಗಿದರು. ಹೆಚ್ಚುವುದು, ತೊಳೆಯುವುದು, ಊಟದ ಹೊತ್ತಿಗೆ ಪಂಕ್ತಿಯಲ್ಲಿ ನೀರು ಕೊಡುವುದು. ಲಾಡು ಬಡಿಸುವವರನ್ನು ಜನ ಕರೆದು ಮಾತಾಡಿಸುತ್ತಾರೆ, ನೀರಿನವಳ ಮುಖವನ್ನು ಯಾರೂ ನೋಡುವುದಿಲ್ಲ. ಒಂಬತ್ತು ವರ್ಷ ಆ ಕೆಲಸ ಮಾಡಿ, ಮೂರು ವರ್ಷದ ಹಿಂದೆ, 2004ರಲ್ಲಿ, ಈ ಮನೆಗೆ ಕಸ ಗುಡಿಸಲು ಬಂದರು. ಪರೀಕ್ಷೆಗೆ ಬಂದಿದ್ದ ಕೇಕನ್ನು ಕತ್ತರಿಸಬೇಕಾದವರು ಒಂದು ದಿನ ರಜೆ ಹಾಕಿದರು. ಅಂದು ಚಾಕು ಹಿಡಿದ ಕೈ ಅದನ್ನು ಇನ್ನೂ ಬಿಟ್ಟಿಲ್ಲ.

ಈಗ ಜೂನಿನ ಕಥೆ. ಹೊಸದಾಗಿ ಊರಿಗೆ ಬಂದಿದ್ದ ಕಂಪನಿಯೊಂದು ತನ್ನ ಬೆಳಗಿನ ಸ್ಯಾಂಡ್‌ವಿಚ್ಚನ್ನು ಆಗಲೇ ಹೆಸರು ಮಾಡಿದ್ದ ಇನ್ನೆರಡು ಕಂಪನಿಗಳದ್ದರ ಜೊತೆ ಹೋಲಿಸಿ ನೋಡಲು ಕೊಟ್ಟಿತ್ತು. ಹೊಸಬರದ್ದು 582. ಹಳಬರದ್ದು 417 ಮತ್ತು 936. ಹದಿನೈದು ದಿನ, ಮುನ್ನೂರ ಅರವತ್ತು ಹೆಂಗಸರು. ಫಾರಂಗಳನ್ನು ಕೂಡಿಸಿ ನೋಡಿದರೆ ಮೂರಕ್ಕೂ ಒಂಬತ್ತಕ್ಕೆ ಎಂಟು. ಮೂರೂ ಚೆನ್ನಾಗಿವೆ ಎನ್ನುವ ಉತ್ತರಕ್ಕೆ ಯಾವ ಕಂಪನಿ ತಾನೇ ಕಾಸು ಬಿಚ್ಚೀತು?

ನಮ್ಮ ಹೆಂಗಸರ ಸಂಗತಿ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕರೆದು ಕೂರಿಸಿ ತಟ್ಟೆ ಮುಂದಿಟ್ಟ ಮೇಲೆ ಅದನ್ನು ಚೆನ್ನಾಗಿಲ್ಲ ಎನ್ನುವ ನಾಲಗೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಆ ಹದಿನೈದು ದಿನಗಳಲ್ಲೊಂದು ದಿನ ಬಂದಿದ್ದ ವಿಜಯನಗರದ ಟೀಚರ್ ವತ್ಸಲಾ ಅವರು ಮೂರಕ್ಕೂ ಎಂಟು ಕೊಟ್ಟಿದ್ದರು. ಈಗ ನೆನಪಿಸಿದರೆ ನಾಚುತ್ತಾರೆ. "ತಿನ್ನೋ ಪದಾರ್ಥಕ್ಕೆ ಹೆಸರಿಡಬಾರದು ಅಂತ ಮಕ್ಕಳಿಗೆ ಹೇಳ್ಕೊಡೋದು ನಾವೇ. ಯಾರೋ ಪಾಪ ಬೆಳಿಗ್ಗೆ ಎದ್ದು ಮಾಡಿರ್ತಾರೆ, ಅದಕ್ಕೆ ಮೂರು ಮಾರ್ಕ್ಸ್ ಹೇಗೆ ಕೊಡ್ಲಿ?" ತಟ್ಟೆಯಲ್ಲಿ ಬಿಡುವುದೂ ತಪ್ಪೆಂದು ಅವರು ಕೊನೆಯ ಚೂರಿನವರೆಗೆ ತಿಂದಿದ್ದರು. ಎಲ್ಲರೂ ಹಾಗೆಯೇ ತಿಂದಿದ್ದರು. ತಟ್ಟೆಗಳು ತೊಳೆದ ಹಾಗೆ ಒಳಗೆ ಬರುತ್ತಿದ್ದವು.

ಆದರೆ ಕಲ್ಯಾಣಮ್ಮನಿಗೆ ಎರಡನೇ ದಿನವೇ ವಿಷಯ ತಿಳಿದುಹೋಗಿತ್ತು. ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಶುಚಿಮಾಡಿಕೊಳ್ಳಲೆಂದು ಪ್ರತಿಯೊಬ್ಬರಿಗೂ ಒಂದು ಲೋಟ ನೀರು ಇಡುವ ನಿಯಮವಿದೆ. ಒಂದೇ ಲೋಟ, ಮೂರಕ್ಕೂ ಅದೇ. 582 ಬಾಯಿಗೆ ಹೋದ ಕೂಡಲೇ ಲೋಟಗಳು ಖಾಲಿಯಾಗಿ ಪರದೆಯ ಕಡೆ ಸರಿಯುತ್ತಿದ್ದವು. ಸಂಖ್ಯೆಗಳನ್ನು ದಿನವೂ ಹಿಂದುಮುಂದು ಮಾಡಿ ಕೊಡುತ್ತಾರೆ. ಮೊದಲು ಕೊಟ್ಟರೂ ಅಷ್ಟೇ, ಕೊನೆಗೆ ಕೊಟ್ಟರೂ ಅಷ್ಟೇ, ನೀರು ಕೇಳುತ್ತಿದ್ದುದು 582 ಮಾತ್ರ. "ಮದುವೆ ಮನೇಲಿ ನೀರು ಕೊಡೋಳಿಗೆ ಎಲ್ಲಾ ಗೊತ್ತಾಗುತ್ತೆ ಸಾರ್," ಎನ್ನುತ್ತಾರೆ ಕಲ್ಯಾಣಮ್ಮ. "ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿದ್ರೆ ಅಡುಗೆ ಭಟ್ರಿಗಿಂತ ಮುಂಚೆ ನಂಗೆ ತಿಳೀತಿತ್ತು. ಯಾರೂ ಬಾಯಿಬಿಟ್ಟು ಹೇಳಲ್ಲ. ಲೋಟ ಮುಂದಕ್ಕೆ ತಳ್ತಾರೆ, ಅಷ್ಟೇ."

ಅವರು ಆತ್ರೇಯರ ಕಿವಿಗೆ ಇದನ್ನು ಹಾಕಿದರು. ಇಪ್ಪತ್ತೇಳರ ಆತ್ರೇಯ ಓದಿದ ಹುಡುಗ, ಒಳ್ಳೆಯವನೇ. ಫಾರಂನಲ್ಲಿ ನೀರಿಗೆ ಜಾಗವಿಲ್ಲವಲ್ಲ ಕಲ್ಯಾಣಮ್ಮ ಎಂದು ನಕ್ಕು ಸುಮ್ಮನಾದರು. ಕಲ್ಯಾಣಮ್ಮನೂ ಸುಮ್ಮನಾದರು. ಆದರೆ ಅವರು ಹೇಳದೆ ಉಳಿಸಿಕೊಂಡ ಇನ್ನೊಂದು ಸಂಗತಿ ಇತ್ತು. ಖಾಲಿ ಲೋಟ ಚಾಚಿದವರಿಗೆಲ್ಲ ಅವರು ನಿಯಮ ಮೀರಿ ಮತ್ತೆ ಮತ್ತೆ ನೀರು ತುಂಬಿಸುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಕೇಳುವ ಮೊದಲೇ ತುಂಬಿದ ಲೋಟವನ್ನು 582ರ ತಟ್ಟೆಯ ಪಕ್ಕ ಇಟ್ಟುಬಿಡುತ್ತಿದ್ದರು. ನೀರು ಕೇಳಿದವರಿಗೆ ಇಲ್ಲ ಎನ್ನುವ ಅಭ್ಯಾಸವೇ ಅವರ ಕೈಗಿಲ್ಲ. ಒಣಗಿದ ಬನ್ನು ಆ ನೀರಿನ ಜೊತೆ ಸಲೀಸಾಗಿ ಇಳಿಯಿತು, ಹೆಂಗಸರು ನೆಮ್ಮದಿಯಿಂದ ಎಂಟು ಬರೆದರು.

ಹದಿನಾರನೇ ದಿನ ಮುಖ್ಯ ಕಚೇರಿಯಿಂದ ಮಾಲವಿಕಾ ಬಂದರು. ಸಂಸ್ಥೆಯಲ್ಲಿ ಅವರ ಮಾತೇ ಕೊನೆಯದು. ಈ ಕಡೆಯ ಜನರಿಂದ ನಿಜವಾದ ಅಭಿಪ್ರಾಯ ಬರುವುದಿಲ್ಲ, ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಆತ್ರೇಯರಿಗೆ ಹೇಳುತ್ತಿದ್ದುದು ಪರದೆಯ ಹಿಂದೆ ತಟ್ಟೆ ಒರೆಸುತ್ತಿದ್ದ ಕಲ್ಯಾಣಮ್ಮನಿಗೆ ಕೇಳಿಸಿತು. ನಿಜ ಹೇಳದಿದ್ದರೆ ಮನೆ ಹೋಗುತ್ತದೆ. ಹೇಳಿದರೆ ನಿಯಮ ಮುರಿದವರು ತಾವೇ ಎಂದು ಗೊತ್ತಾಗಿ ತಮ್ಮ ಕೆಲಸ ಹೋಗುತ್ತದೆ. ಮನೆ ಉಳಿದರೂ ಅದರಲ್ಲಿ ತಾವಿರುವುದಿಲ್ಲ.

ಅವರು ಕೈ ಒರೆಸಿಕೊಂಡು ಹೊರಕೋಣೆಗೆ ಬಂದರು. ಮೂರು ವರ್ಷದಲ್ಲಿ ಕರೆಯದೆ ಹಾಗೆ ಬಂದದ್ದು ಅದೇ ಮೊದಲು.

"ಮೇಡಂ, ಒಂದು ಲೋಟ ಅಂತ ನೀವು ರೂಲ್ಸ್ ಮಾಡಿದೀರಾ. ನಾನು ಅದನ್ನ ಮುರಿದಿದೀನಿ. ಆ 582 ನೀರಿಲ್ದೆ ಗಂಟ್ಲಲ್ಲಿ ಇಳಿಯಲ್ಲ. ಅವ್ರಿಗೆ ಇಷ್ಟ ಆಗಿದ್ದಲ್ಲ, ನಾನು ಇಳಿಸ್ಬಿಟ್ಟೆ."

ಇದನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಮಾಲವಿಕಾ ಕೇಳಿದರು. ಆತ್ರೇಯರಿಗೆ ಹೇಳಿದ್ದೆ ಎನ್ನಬಹುದಿತ್ತು. ಕಲ್ಯಾಣಮ್ಮ ಹಾಗೆನ್ನದೆ ತನಗೇ ಧೈರ್ಯ ಸಾಲಲಿಲ್ಲ ಎಂದರು. ಆಗ ಆತ್ರೇಯ ತಲೆ ತಗ್ಗಿಸಿ, ಇಲ್ಲ, ಇವರು ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಒಪ್ಪಿಕೊಂಡರು. ಆ ಹುಡುಗನ ಬಗ್ಗೆ ಕಲ್ಯಾಣಮ್ಮನಿಗೆ ಅಂದಿನಿಂದ ಮಗನಷ್ಟೇ ಅಕ್ಕರೆ.

ಮಾಲವಿಕಾ ಅವರದ್ದು ಅನುಮಾನದ ಸ್ವಭಾವ, ಅದು ಅವರ ಕೆಲಸವೂ ಹೌದು. ಮರುದಿನ ಒಂದೊಂದು ಸಂಖ್ಯೆಗೂ ಬೇರೆ ಬೇರೆ ಜಗ್ಗು ಇಡಿಸಿದರು, ಒಂದೊಂದು ಜಗ್ಗಿಗೆ ಒಂದು ಲೀಟರು. ಯಾರು ಎಷ್ಟು ಕೇಳಿದರೂ ಕೊಡಿ, ಕೇಳುವ ಮೊದಲು ಮಾತ್ರ ಕೊಡಬೇಡಿ ಎಂದು ಕಲ್ಯಾಣಮ್ಮನಿಗೆ ತಾಕೀತು ಮಾಡಿ, ತಾವೇ ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಇಪ್ಪತ್ನಾಲ್ಕು ಹೆಂಗಸರು ತಿಂದು ಮುಗಿಸುವ ಹೊತ್ತಿಗೆ 417ಕ್ಕೆ ಎರಡು ಜಗ್ಗು, 936ಕ್ಕೆ ಎರಡೂ ಕಾಲು ಖರ್ಚಾಗಿತ್ತು. 582ಕ್ಕೆ ಏಳು. ಫಾರಂಗಳಲ್ಲಿ ಅವತ್ತೂ ಮೂರಕ್ಕೂ ಎಂಟೇ ಇತ್ತು.

ಕಲ್ಯಾಣಮ್ಮನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ನಿಯಮ ಮುರಿದದ್ದಕ್ಕೆ ಏನು ಶಿಕ್ಷೆಯೋ ಗೊತ್ತಿರಲಿಲ್ಲ. ಮೂರನೇ ದಿನ ಆತ್ರೇಯ ಗೇಟಿನ ಬಳಿಯೇ ಕಾದು ನಿಂತು ಸುದ್ದಿ ಹೇಳಿದರು. ಮನೆ ಮುಚ್ಚುವುದಿಲ್ಲ, ಕಲ್ಯಾಣಮ್ಮ ಎಲ್ಲಿಗೂ ಹೋಗುವುದಿಲ್ಲ. ಫಾರಂನ ಕೊನೆಗೆ ಹೊಸದೊಂದು ಸಾಲು ಸೇರಿದೆ: ಕೇಳಿದ ನೀರು ಎಷ್ಟು. ಅದನ್ನು ತುಂಬುವವರು ಕಲ್ಯಾಣಮ್ಮ, ಕೆಳಗೆ ಸಹಿಯೂ ಅವರದ್ದೇ. ಏಳನೇ ತರಗತಿಯವರೆಗೆ ಓದಿದ ಅವರು ಈಗ ದಿನಕ್ಕೆ ಇಪ್ಪತ್ನಾಲ್ಕು ಸಹಿ ಹಾಕುತ್ತಾರೆ, ಅಕ್ಷರ ದುಂಡಗಿದೆ. ಹೊಸ ಕಂಪನಿಯವರು ಬನ್ನು ಬದಲಿಸಿದರು, ಟಿಕ್ಕಿಯ ಮೇಲೆ ಪುದೀನ ಚಟ್ನಿ ಸವರಿದರು. ಬದಲಾದ ಸ್ಯಾಂಡ್‌ವಿಚ್ಚಿನ ಪರೀಕ್ಷೆಯೇ ಈ ವಾರ ನಡೆಯುತ್ತಿರುವುದು. ಇವತ್ತು ಅದಕ್ಕೆ ಖರ್ಚಾದದ್ದು ಎರಡೂವರೆ ಜಗ್ಗು.

ಹತ್ತೂವರೆಗೆ ಕೊನೆಯ ಪಂಕ್ತಿ ಏಳುತ್ತದೆ. ಕಲ್ಯಾಣಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮನೆಯಿಂದ ತಂದ ಮೊಸರನ್ನದ ಡಬ್ಬಿ ಬಿಚ್ಚುತ್ತಾರೆ. ಸಾವಿರಾರು ಸ್ಯಾಂಡ್‌ವಿಚ್ ಕತ್ತರಿಸಿದ ಇವರು ಒಂದರ ಚೂರನ್ನೂ ತಿಂದವರಲ್ಲ. ಕೆಲಸದವರು ರುಚಿ ನೋಡಬಾರದೆಂಬುದೂ ಒಂದು ನಿಯಮ, ಅದನ್ನು ಮಾತ್ರ ಅವರು ಮುರಿದಿಲ್ಲ. ತನ್ನ ಮೊದಲ ಸಂಬಳ ಬಂದ ದಿನ ಇಂಥ ಕಂಪನಿಯೊಂದರ ಅಂಗಡಿಗೇ ಕರೆದುಕೊಂಡು ಹೋಗಿ ತಿನ್ನಿಸುತ್ತೇನೆಂದು ಮಗಳು ಮಾತು ಕೊಟ್ಟಿದ್ದಾಳೆ. ಕುರ್ಚಿಯಲ್ಲಿ ಕೂತು, ಕಾಗದ ತಾವೇ ಬಿಚ್ಚಿ, ಕತ್ತರಿಸದೆ ಒಂದನ್ನು ತಿನ್ನಬೇಕೆಂಬುದು ಅವರ ಆಸೆ. ಅಂಗಡಿಯಲ್ಲಿ ಕೂತು ಅಂಥದ್ದನ್ನು ತಿನ್ನುವವರಿಗಾಗಿ ಕೈಯಲ್ಲಿದ್ದ ಕೆಲಸವನ್ನೇ ಪಣಕ್ಕಿಟ್ಟಿರಲ್ಲ ಎಂದು ಕೇಳಿದರೆ ತುತ್ತು ಕೈಯಲ್ಲೇ ಹಿಡಿದು ಯೋಚಿಸುತ್ತಾರೆ.

"ಚೇತನಾ ಹೇಳಿದ್ಲು, ಆ ಅಂಗಡೀಲಿ ನೀರು ತಂದಿಡೋರು ಯಾರೂ ಇರಲ್ವಂತೆ, ಬೇಕಾದ್ರೆ ಬಾಟ್ಲಿ ಕೊಂಡ್ಕೋಬೇಕಂತೆ. ಗಂಟ್ಲಿಗೆ ಸಿಕ್ಕೊಂಡ್ರೆ ಇಲ್ಲಿ ನಾನಿದೀನಿ. ಅಲ್ಲಿ ಯಾರಿದಾರೆ ಹೇಳಿ?"