ಹಿಡಿ ಜೋಳದ ಜಾಗ

ಅವರ ಬಲಗೈಯ ನಾಲ್ಕು ಉಗುರುಗಳು ಬೆರಳ ತುದಿಯಿಂದ ಅರ್ಧ ಅಕ್ಕಿಕಾಳಿನಷ್ಟು ಮುಂದೆ ಚಾಚಿರುತ್ತಿದ್ದವು. ಎಡಗೈಯವನ್ನು ಬುಡಕ್ಕೆ ಕತ್ತರಿಸಿಕೊಂಡಿರುತ್ತಿದ್ದರು. ಅರಿಸಿನದ ಬಣ್ಣ ಹತ್ತಬಾರದೆಂದು ಬಿಸಿಬೇಳೆಬಾತನ್ನೂ ಚಮಚದಲ್ಲೇ ತಿನ್ನುತ್ತಿದ್ದರು. ಯುಗಾದಿಯ ಊಟಕ್ಕೆ ಎಲ್ಲರ ಜೊತೆ ಬಾಳೆಲೆಯ ಮುಂದೆ ಕೂತು, ಅಂಗಿಯ ಜೇಬಿನಿಂದ ಸ್ವಂತ ಚಮಚ ತೆಗೆಯುವಾಗ ಅವರ ಮುಖದಲ್ಲಿರುತ್ತಿದ್ದ ಗಾಂಭೀರ್ಯಕ್ಕೆ ಪಾಯಸ ಬಡಿಸುವವರು ಕೂಡ ಒಂದು ಕ್ಷಣ ತಡೆಯುತ್ತಿದ್ದರು.

ಶೇಷಾದ್ರಿ ಅಂಕಲ್ ಮೈಸೂರಿನವರು. ಚಿಪ್ ಡಿಸೈನ್ ಮಾಡಿ ನಿವೃತ್ತರಾಗಿ, ಬೇ ಏರಿಯಾದ ಸನ್ನಿವೇಲಿನಲ್ಲಿ ನನ್ನ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಐವತ್ತು ದಾಟಿದ ಮೇಲೆ ಸ್ಪೇನಿನ ಶಾಸ್ತ್ರೀಯ ಗಿಟಾರ್ ಕಲಿತರು. ಅದರಲ್ಲೂ ಒಬ್ಬನೇ ಸಂಗೀತಕಾರನ ಕೃತಿಗಳನ್ನು. ಆತನ ಹೆಸರನ್ನು ಅವರು ಬಾಯಲ್ಲಿ ಎತ್ತುತ್ತಿರಲಿಲ್ಲ. ಹಳೆಯ ಕಾಲದ ಹೆಂಡತಿಯರ ಹಾಗೆ 'ನಮ್ಮ ಯಜಮಾನರು' ಎನ್ನುತ್ತಿದ್ದರು. ನಾನೂ ಇಲ್ಲಿ ಅದನ್ನೇ ಪಾಲಿಸುತ್ತೇನೆ.

ಎರಡು ವರ್ಷ ಪ್ರತಿ ಶನಿವಾರ ಬೆಳಿಗ್ಗೆ ನಾನು ಅವರಲ್ಲಿ ಪಾಠಕ್ಕೆ ಹೋದೆ. ಪಾಠದಲ್ಲಿ ಮುಕ್ಕಾಲು ಪಾಲು ಭಾಷಣ.

"ನಮ್ಮ ಯಜಮಾನರು ಗಿಟಾರಿಗೆ ಅಂತ ಒಂದು ಪುಟಾನೂ ಬರೀಲಿಲ್ಲ ಕಣಮ್ಮಾ. ಬರೆದಿದ್ದೆಲ್ಲ ಪಿಯಾನೋಗೆ. ಆದ್ರೆ ಆ ಪಿಯಾನೋ ಒಳಗೆ ಹಳ್ಳಿಯೋನು ಒಬ್ಬ ಕೂತ್ಕೊಂಡು ಗಿಟಾರ್ ಬಾರಿಸ್ತಾ ಇದಾನೆ. ಅವನ ಹೆಬ್ಬೆರಳು ಕೇಳ್ಸುತ್ತೆ. ಕುಣಿಯೋಳ ಹಿಮ್ಮಡಿ ಕೇಳ್ಸುತ್ತೆ. ಜಾನಪದ ಅಂದ್ರೆ ಅದು. ನಿಂಗೆಲ್ಲಿ ಗೊತ್ತಾಗ್ಬೇಕು? ನೀನು ಬಾರಿಸೋದು ಟೈಪಿಂಗು."

ಅವರ ಮಟ್ಟಿಗೆ ಬೇ ಏರಿಯಾದಲ್ಲಿ ಇದ್ದವರೆಲ್ಲ ಟೈಪಿಂಗಿನವರೇ. ಕನ್ನಡ ಸಂಘದ ಹಾಡುಗಾರರು ಕರೋಕೆಯವರು, ಭರತನಾಟ್ಯದ ಮಕ್ಕಳು ಕಾಲೇಜಿನ ಅರ್ಜಿಗಾಗಿ ಕುಣಿಯುವವರು. ತಂತಿ ಮೀಟುವುದಕ್ಕೆ ಬಲಗೈಯ ಉಗುರು ಬೆಳೆಸು ಎಂದು ನನಗೆ ಪ್ರತಿ ವಾರ ಹೇಳುತ್ತಿದ್ದರು. ನಾನು ಕೈಯಲ್ಲಿ ಊಟ ಮಾಡುವವಳು, ಬೆಳೆಸಲಿಲ್ಲ.

ಯಜಮಾನರ ಒಂದು ಕೃತಿಯ ನಡುವೆ ಅವರು ಪ್ರತಿ ಸಲವೂ ತಡೆದು ನಿಲ್ಲುತ್ತಿದ್ದರು. ಹಾಳೆಯಲ್ಲಿ ಅಂಥ ವಿರಾಮವೇನೂ ಇರಲಿಲ್ಲ. ಕೇಳಿದರೆ ಸಿಡುಕಿದರು. "ಅಲ್ಲಿ ಕುಣಿಯೋಳು ಲಂಗ ಹಿಡಿದು ತಿರುಗ್ತಾಳೆ. ಜಾಗ ಬಿಡದಿದ್ರೆ ಬಿದ್ದುಹೋಗ್ತಾಳೆ." ಅವರು ಸ್ಪೇನಿಗೆ ಹೋದವರಲ್ಲ. ಹೋದರೆ ನಿರಾಸೆಯಾಗುತ್ತದಂತೆ. ಮಾತಿಗೆ ಮುಂಚೆ 'ಮಣ್ಣಿನ ಸಂಗೀತ' ಎನ್ನುವ ಈ ಮನುಷ್ಯ, ಬಾಲ್ಕನಿಯ ತುಳಸಿಯ ಕುಂಡಕ್ಕೆ ಕೈ ಹಾಕುವಾಗಲೂ ಗ್ಲೌಸ್ ತೊಡುತ್ತಿದ್ದರು.

ಮಣ್ಣಿನ ಸಂಗೀತಕ್ಕೆ ಅವರು ಕಂಡುಕೊಂಡ ಗಣಿ ಎಂದರೆ, ಮಗಳ ಬಾಣಂತನಕ್ಕೋ ಮಗನ ಮನೆ ನೋಡುವುದಕ್ಕೋ ಆರು ತಿಂಗಳಿಗೆಂದು ಬಂದ ತಾಯಂದಿರು. ಸಂಜೆ ಪಾರ್ಕಿನ ಬೆಂಚಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂತವರ ಬಳಿಗೆ ರೆಕಾರ್ಡರ್ ಹಿಡಿದು ಹೋಗುತ್ತಿದ್ದರು. ಪಾಪ, ಯಾರೋ ಒಬ್ಬರು ಭಕ್ತಿಯಿಂದ ದೇವರನಾಮ ಶುರು ಮಾಡಿದರೆ ಅರ್ಧಕ್ಕೇ ತಡೆದು, "ಇದು ಪುಸ್ತಕದ್ದು ತಾಯೀ. ನಂಗೆ ಮಣ್ಣಿಂದು ಬೇಕು," ಎನ್ನುವರು. ಅವರನ್ನು ದೂರದಿಂದ ಕಂಡರೇ ಕೆಲವರು ಮೊಮ್ಮಗುವಿನ ತಳ್ಳುಗಾಡಿಯನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದರು.

ಹೀಗಿರುವಾಗ ನನ್ನ ಅವ್ವ ಬಂದಳು. ಅವಳು ಗದಗಿನ ಕಡೆಯವಳು. ಅವಳ ತಾಯಿ, ನನ್ನ ಅಜ್ಜಿ ಬಸಮ್ಮ, ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳಲ್ಲಿ ಕೆಲವು ಅವ್ವನಿಗೆ ಬರುತ್ತವೆ. ಇದನ್ನು ನಾನು ಅಂಕಲ್‌ಗೆ ಹೇಳಿರಲಿಲ್ಲ. ಅವ್ವನೇ ಮೆಟ್ಟಿಲ ಮೇಲೆ ಹೇಳಿಕೊಂಡಳು.

ಮರುದಿನವೇ ರೆಕಾರ್ಡರ್ ನಮ್ಮ ಸೋಫಾದ ಮೇಲಿತ್ತು. ಅತ್ತೆಮನೆ ಸೇರಿದ ಹೆಣ್ಣೊಬ್ಬಳು ಕಲ್ಲಿನ ಹತ್ತಿರ ದೂರು ಹೇಳಿಕೊಳ್ಳುವ ಒಂದು ಪದವನ್ನು ಅವ್ವ ಹಾಡಿದಳು. ಅಂಕಲ್ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತಿದ್ದರು. ನಾಲ್ಕನೆಯ ಸಾಲು ಮುಗಿಯುತ್ತಲೇ ಕಣ್ಣು ತೆರೆದರು.

"ಇಲ್ಲಿ ನೀವು ಎಳೀತೀರಿ ತಾಯೀ. ತಾಳ ತಪ್ಪುತ್ತೆ."

"ನಾ ಹಾಡೂದ ಹಿಂಗ್ರಿ."

"ವಯಸ್ಸಾಯ್ತಲ್ಲ, ಉಸಿರು ಸಾಲದು. ಪರವಾಗಿಲ್ಲ, ನಾನು ಸರಿಮಾಡ್ಕೋತೀನಿ."

ಅವ್ವ ಅವರಿಗಿಂತ ಎಂಟು ವರ್ಷ ಚಿಕ್ಕವಳು.

ಸರಿಮಾಡಿಕೊಂಡರು ಕೂಡ. ಹದಿನೈದು ದಿನದಲ್ಲಿ ಅದನ್ನು ಗಿಟಾರಿಗೆ ಹೊಂದಿಸಿ, ನಮ್ಮನ್ನು ಕೆಳಗೆ ಕರೆದು ಬಾರಿಸಿದರು. ಯಜಮಾನರ ಕೃತಿಗಳ ಹಾಗೆಯೇ ಹೆಬ್ಬೆರಳು ಕೆಳಗೆ ಮಿಡಿಯುತ್ತಿತ್ತು, ಮೇಲೆ ರಾಗ. ಎಲ್ಲ ಸಾಲುಗಳೂ ಇಸ್ತ್ರಿ ಮಾಡಿದಷ್ಟು ಸಮ.

"ಛಲೋ ಐತ್ರಿ ಸಾಹೇಬ್ರ," ಎಂದಳು ಅವ್ವ. "ಆದ್ರ ಇದರಾಗ ಜ್ವಾಳ ಇಲ್ಲ."

"ಜೋಳ?"

"ನಾಕ ಸುತ್ತ ಬೀಸಿದ ಮ್ಯಾಲ ಒಂದ ಹಿಡಿ ಕಾಳ ಹಾಕಬೇಕ್ರಿ ಕಲ್ಲಿನ ಬಾಯಾಗ. ಆವಾಗ ಹಾಡ ನಿಂದರತೈತಿ. ನೀವ ಕಾಳ ಹಾಕದ ಬೀಸಾಕತ್ತೀರಿ. ಬರೇ ಕಲ್ಲ ಕಲ್ಲ ತಿಕ್ಕತೈತಿ."

ಅಂಕಲ್ ನಕ್ಕು, ಅದನ್ನು ಆಧುನಿಕ ಕಿವಿಗೆ ಹೊಂದಿಸಬೇಕಾಗುತ್ತದೆ ಎಂದರು. ತಾವು ಎಂದೂ ನೋಡದ ಸ್ಪೇನಿನ ಹೆಂಗಸಿಗೆ ತಿರುಗಲು ಜಾಗ ಬಿಟ್ಟವರು, ಎದುರಿಗೆ ಕೂತವಳ ಹಿಡಿ ಜೋಳವನ್ನು ತಾಳತಪ್ಪೆಂದು ಕತ್ತರಿಸಿ ಹಾಕಿದ್ದರು. ನಾನು ಇದನ್ನು ಮನಸ್ಸಿನಲ್ಲಿ ಅಂದುಕೊಂಡೆ. ಹೇಳುವುದು ನನ್ನ ಅಭ್ಯಾಸವಲ್ಲ.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಬೇ ಏರಿಯಾದಲ್ಲೇ ಇರುವ ಡಬ್ಲಿನ್ನಿನಲ್ಲಿ ನಡೆಯುವ ರಾಜ್ಯೋತ್ಸವದ ಕಾರ್ಯಕ್ರಮಪಟ್ಟಿ ಬಂತು. 'ಬೀಸುವ ಪದ. ಮೂಲ: ದಿವಂಗತ ಬಸಮ್ಮ. ಗಿಟಾರ್: ಶೇಷಾದ್ರಿ.' ಅವ್ವ ಫೋನನ್ನು ಕೈಯಲ್ಲಿ ಹಿಡಿದು ಅದನ್ನು ಮೂರು ಸಲ ಓದಿದಳು. ಅಜ್ಜಿಯ ಹೆಸರು ಅಚ್ಚಾಗಿದ್ದು ಬಹುಶಃ ಅದೇ ಮೊದಲು.

"ನಮ್ಮವ್ವ ಹಿಂಗ ಹಾಡಿಲ್ಲ," ಎಂದಳು. "ಇಷ್ಟು ಮಂದಿ ಮುಂದ ಆಕಿ ಹೆಸರಲೆ ತಪ್ಪು ಹಾಡ ಆಗಬಾರದು."

ಹೆಸರು ತೆಗೆಸುತ್ತೇನೆ ಎಂದು ನಾನು ಸಂಘದವರಿಗೆ ಎರಡು ಸಾಲಿನ ಸಭ್ಯ ಇಮೇಲ್ ಬರೆದೆ. ಅವ್ವ ಕಳಿಸಗೊಡಲಿಲ್ಲ. "ಹೆಸರ ತಗದ್ರ ಹಾಡ ಸರಿ ಆಕ್ಕೈತೇನ?" ಎಂದು ತಾನೇ ಕೆಳಗಿಳಿದು ಹೋಗಿ ಅಂಕಲ್ ಮನೆಯ ಬಾಗಿಲು ಬಡಿದಳು. ನಾನು ಹಿಂದೆ ನಿಂತಿದ್ದೆ.

"ಒಂದ ಕಲ್ಲ ತರ್ರಿ ಸಾಹೇಬ್ರ. ನೀವ ಬೀಸ್ರಿ, ನಾ ಹಾಡತೀನಿ. ಆಮ್ಯಾಲ ನಿಮಗ ತಿಳಿದಂಗ ಬಾರಸ್ರಿ."

ಬೀಸುವ ಕಲ್ಲು ಸಿಕ್ಕಿದ್ದು ಡಬ್ಲಿನ್ನಿನ ಒಂದು ಗ್ಯಾರೇಜಿನಲ್ಲಿ. ಮದುವೆಯ ಅಲಂಕಾರ ಮಾಡಿಕೊಡುವ ಹೆಂಗಸೊಬ್ಬರು ಅರಿಸಿನ ಬೀಸುವ ಶಾಸ್ತ್ರಕ್ಕೆಂದು ಅದನ್ನು ಇಟ್ಟುಕೊಂಡಿದ್ದರು. ಮದುವೆಯಿಂದ ಮದುವೆಗೆ ಕಾರಿನ ಡಿಕ್ಕಿಯಲ್ಲಿ ತಿರುಗುವ ಆ ಕಲ್ಲಿಗೆ ಕೆಂಪು ಹಳದಿ ಬಣ್ಣ ಬಳಿದು ಕನ್ನಡಿ ಅಂಟಿಸಿದ್ದರು. ಒಂದು ಕಾಳನ್ನೂ ಅದು ನುರಿಸಿದ್ದಿಲ್ಲ. ಅವ್ವ ಕನ್ನಡಿಗಳನ್ನು ಕಿತ್ತು, ತೊಳೆದು, ನನ್ನ ಯೋಗದ ಚಾಪೆಯ ಮೇಲೆ ಹಳೆಯ ಸೀರೆ ಹಾಸಿ ಕಲ್ಲನ್ನು ಇಟ್ಟಳು. ಎದುರಿಗೆ ಅಂಕಲ್ಲನ್ನು ಕೂರಿಸಿದಳು. ಚಕ್ಕಳಮಕ್ಕಳ ಹಾಕಲು ಅವರಿಗೆ ಎರಡು ದಿಂಬು ಬೇಕಾಯಿತು.

"ಗೂಟ ಗಟ್ಟಿ ಹಿಡೀರಿ. ಅದೇನ ಕೋಳಿಮರಿ ಏನ್ರಿ, ಅಷ್ಟು ಮೆತ್ತಗ ಹಿಡ್ಯಾಕ?"

ಅವರು ಗಟ್ಟಿಯಾಗಿ ಹಿಡಿದರು. ಅವ್ವ ಹಾಡಿದಳು. ಮೂರನೆಯ ಸುತ್ತಿಗೆ ಕಾಳು ಸಿಕ್ಕಿಕೊಂಡು ಕಲ್ಲು ತಟ್ಟನೆ ನಿಂತಿತು, ಕೈ ಜಾರಿತು, ಅವರ ತೋರುಬೆರಳಿನ ಉಗುರು ಬುಡದವರೆಗೆ ಸೀಳಿತು. ಪಕ್ಕದ ಎರಡು ಉಗುರುಗಳು ಮುರಿದವು. ಕಾರ್ಯಕ್ರಮಕ್ಕೆ ಎಂಟು ದಿನವಿತ್ತು. ಆ ಉಗುರು ಮತ್ತೆ ಬರಲು ತಿಂಗಳುಗಳೇ ಬೇಕು.

ಅವರು ಬಹಳ ಹೊತ್ತು ಬೆರಳುಗಳನ್ನು ನೋಡಿದರು. ಈಗ ಭಾಷಣ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

"ಕಾಳು ಹಾಕಿ ತಾಯೀ," ಎಂದರು. "ಇನ್ನೊಂದ್ಸಲ."

ಒಂದು ಗಂಟೆ ಬೀಸಿದರು. ಮೊದಮೊದಲು ಅವ್ವನ ಹಿಡಿಗಾಗಿ ತುಟಿಯಲ್ಲೇ ಲೆಕ್ಕ ಹಾಕಿ ಕಾಯುತ್ತಿದ್ದವರು, ಆಮೇಲೆ ಲೆಕ್ಕ ಬಿಟ್ಟರು. ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಅಷ್ಟು ಹೊತ್ತು ಅವರು ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರು ಬದಲಾದರೆಂದು ಯಾರೂ ತಿಳಿಯಬೇಕಿಲ್ಲ. ರಾಜ್ಯೋತ್ಸವದ ವೇದಿಕೆಯ ಮೇಲೆ ಗಿಟಾರ್ ಇಲ್ಲದೆ, ಬೆರಳಿಗೆ ಪಟ್ಟಿ ಸುತ್ತಿಕೊಂಡು ಕಲ್ಲಿನ ಮುಂದೆ ಕೂತು, ಮೈಕು ಹಿಡಿದು ಯಜಮಾನರ ಬಗ್ಗೆ ಹದಿನೆಂಟು ನಿಮಿಷ ಮಾತಾಡಿದರು. ಬೀಸುವ ಪದವನ್ನು ತಾವೇ ಕಂಡುಹಿಡಿದ ಧಾಟಿಯಲ್ಲಿ ವಿವರಿಸಿದರು. ಸಭೆಯಲ್ಲಿ ಮಕ್ಕಳು ಚಿಪ್ಸಿನ ಪೊಟ್ಟಣ ಒಡೆಯತೊಡಗಿದ್ದರು. ಕೊನೆಗೆ ಕಲ್ಲಿನ ಎದುರುಬದಿಯಿಂದ ಅವ್ವ, ತನ್ನ ಕೊರಳಿಗೂ ಮೈಕು ಸಿಕ್ಕಿಸಿದ್ದಾರೆಂಬುದನ್ನು ಮರೆತು, "ಮಾತ ಸಾಕ್ರಿ ಸಾಹೇಬ್ರ. ಹಿಟ್ಟ ಯಾವಾಗ ಆಗೂದು?" ಎಂದಳು. ಸಭೆ ನಗುತ್ತಿರುವಾಗಲೇ ಹಾಡು ಶುರುವಾಯಿತು. ನಾಲ್ಕು ಸುತ್ತು, ಒಂದು ಹಿಡಿ. ಆ ನಿಲುಗಡೆಯಲ್ಲಿ ಕಾಳು ಕಲ್ಲಿನ ಬಾಯಿಗೆ ಬೀಳುವ ಸದ್ದು ಸಭೆಯ ಕೊನೆಯ ಸಾಲಿನವರಿಗೂ ಕೇಳಿಸಿತು. ಅಜ್ಜಿಯ ಹೆಸರು ಹಿಂದಿನ ಪರದೆಯ ಮೇಲೆ ಇತ್ತು. ಅವ್ವ ಅದರ ಕಡೆ ತಿರುಗಿ ನೋಡಲಿಲ್ಲ, ಅವಳಿಗೆ ಕೆಲಸವಿತ್ತು.

ಅವ್ವ ಊರಿಗೆ ಹೋದಳು. ಚಳಿಗಾಲ ಕಳೆಯುವಷ್ಟರಲ್ಲಿ ಅಂಕಲ್ಲನ್ನು ಅವರ ಮಗಳು ಟೆಕ್ಸಾಸಿಗೆ ಕರೆದುಕೊಂಡಳು. ಹೊರಡುವ ಹಿಂದಿನ ದಿನ ನಾನು ಹೋದಾಗ ಮನೆಯಲ್ಲಿ ಪೆಟ್ಟಿಗೆಗಳು ಮಾತ್ರ ಇದ್ದವು. ಅವರ ಉಗುರು ಅರ್ಧ ಬೆಳೆದಿತ್ತು. ಒಂದು ಹಾಳೆ ಕೈಗೆ ಕೊಟ್ಟರು. ಬೀಸುವ ಪದದ ಗಿಟಾರ್ ರೂಪ, ಹೊಸದಾಗಿ ಬರೆದದ್ದು. ನಾಲ್ಕು ಸಾಲಿಗೊಮ್ಮೆ ಸ್ವರಗಳು ನಿಂತು ಖಾಲಿ ಜಾಗವಿತ್ತು. ಅದರಲ್ಲಿ ಪೆನ್ಸಿಲಿನಿಂದ ಸೊಟ್ಟಗೆ ಒಂದು ಮುಷ್ಟಿ ಬಿಡಿಸಿದ್ದರು.

"ಇಲ್ಲಿ ಎಷ್ಟು ಮಾತ್ರೆ ನಿಲ್ಲಬೇಕು ಅಂಕಲ್?"

"ಕೈಯಲ್ಲಿ ಎಷ್ಟು ಜೋಳ ಇದೆಯೋ ಅಷ್ಟು," ಎಂದರು. ನನ್ನ ಬೆರಳುಗಳನ್ನು ನೋಡಿ ಮುಖ ಗಂಟಿಕ್ಕಿದರು. "ನಿನ್ನ ಕೈಲಿ ಆಗಲ್ಲ ಬಿಡು. ಉಗುರೇ ಇಲ್ಲ. ಟೈಪಿಂಗಿಗೆ ಸರಿ."

ಮರುದಿನ ಬೆಳಿಗ್ಗೆ ಎಡಗೈಯ ಉಗುರುಗಳನ್ನು ಬುಡಕ್ಕೆ ಕತ್ತರಿಸಿಕೊಂಡೆ. ಬಲಗೈಯವನ್ನು ಮುಟ್ಟಲಿಲ್ಲ. ಉಪ್ಪಿಟ್ಟನ್ನು ಚಮಚದಲ್ಲಿ ತಿಂದೆ.