ಊರು ತೋರಿಸುತ್ತಿದ್ದ ಕಾಕಿ

ಮೊನ್ನೆ ಮೊಮ್ಮಗಳು ಅಡುಗೆಮನೆಯಲ್ಲಿ ದಾಳಿಂಬೆ ಸಿಪ್ಪೆ ಕುದಿಸಿದಳು. ಕಾಲೇಜಿನಲ್ಲಿ ಹಳೆಯ ಕಾಲದ ಬಣ್ಣಗಾರಿಕೆ ಕಲಿಸುತ್ತಾರಂತೆ, ಬಿಳಿ ದಸ್ತಿಯೊಂದಕ್ಕೆ, ಅಂದರೆ ಕೈವಸ್ತ್ರಕ್ಕೆ, ಹಳದಿ ಹತ್ತಿಸಬೇಕಂತೆ. ಬೀದರಿನ ನೌಬಾದಿನಲ್ಲಿರುವ ನಮ್ಮ ಸಣ್ಣ ಮನೆಯ ತುಂಬ ಒಗರು ವಾಸನೆ ಅಡರಿಕೊಂಡಿತು. ಮೊದಲು ಒಲೆ ಆರಿಸು ಎಂದು ರೇಗಿಬಿಟ್ಟೆ. ಪಾಪ, ಆ ಹುಡುಗಿಗೇನು ಗೊತ್ತು! "ಯಾಕಜ್ಜಿ, ತಲಿ ನೋಯ್ತದೇನ?" ಅಂದಳು. ಹೌದು ಅಂದೆ. ಆ ವಾಸನೆ ಬಂದರೆ ನನಗೆ ಕಾಕಿ ನೆನಪಾಗುತ್ತಾಳೆ, ಕಾಕಿ ನೆನಪಾದ ದಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ...

ನಾನು ಹುಟ್ಟಿದ್ದು ಭಾಲ್ಕಿಯಲ್ಲಿ. ಕೊಟ್ಟದ್ದು ಔರಾದ ತಾಲೂಕಿಗೆ, ಠಾಣಾ ಕುಶನೂರಿನಿಂದ ಗಾಡಿ ಹೂಡಿಕೊಂಡು ಹೋಗಬೇಕಾದ ಮಾಂಜ್ರಾ ದಂಡೆಯ ಒಂದು ಹಳೆಯ ಊರಿಗೆ. ಆಗಿನ್ನೂ ನಿಜಾಮನ ಆಳ್ವಿಕೆ. ನಾನು ರೈಲು ನೋಡಿದ ಹುಡುಗಿ, ಈ ಹೊಳೆದಂಡೆಯ ಕಲ್ಲುಮನೆಗಳನ್ನು ನೋಡಿ ಮೂಗು ಮುರಿದಿದ್ದೆ. ಗಾಡಿಯಿಂದ ಇಳಿದವಳು ಹೊಸಿಲು ದಾಟಿದೆನೋ ಇಲ್ಲವೋ, ಪಕ್ಕದ ಮನೆಯಿಂದ ಹಣೆ ತುಂಬ ವಿಭೂತಿ ಬಳಿದುಕೊಂಡ ದಪ್ಪ ಹೆಂಗಸೊಬ್ಬಳು ಬಂದು ನನ್ನ ರಟ್ಟೆ ಹಿಡಿದಳು.

"ಊಟ ಆಮ್ಯಾಲ. ಮೊದಲ ಊರು ನೋಡು, ನಡಿ."

ಅವಳೇ ಕಾಕಿ. ರಕ್ತಸಂಬಂಧ ಏನಿಲ್ಲ, ಊರಿಗೆಲ್ಲ ಕಾಕಿ. ಈಗ ಬೀದರಿನಲ್ಲಿ ರವಿವಾರ ರವಿವಾರ ಟೋಪಿ ಹಾಕಿಕೊಂಡ ಹುಡುಗರು ಗುಂಪು ಕಟ್ಟಿಕೊಂಡು ಕೋಟೆ, ಮದರಸಾ ತೋರಿಸುತ್ತ ನಡೆಯುತ್ತಾರಲ್ಲ, ಪಾರಂಪರಿಕ ನಡಿಗೆ ಎನ್ನುತ್ತಾರಲ್ಲ, ಅದನ್ನು ನಮ್ಮ ಕಾಕಿ ಹೆಸರಿಲ್ಲದೆ ಮಾಡುತ್ತಿದ್ದಳು. ಹೊಸ ಸೊಸೆ ಬರಲಿ, ಅಳಿಯ ಬರಲಿ, ಬೀದರಿನ ಮಿಷನ್ ಆಸ್ಪತ್ರೆಯ ನರ್ಸಮ್ಮ ಬರಲಿ, ಕಾಕಿ ಊರು ತೋರಿಸಿದ ಮೇಲೆಯೇ ಎಲೆ ಹಾಕುವುದು. ಊರ ಹೆಬ್ಬಾಗಿಲು ಅಗಸಿಯಿಂದ ಶುರು. ಅಲ್ಲಿಂದ ಮೆಟ್ಟಿಲ ಬಾವಿ, ಮಠ, ಒಂದೇ ಮಿನಾರಿನ ಮಸೀದಿ, ಗಾಣದ ಕಲ್ಲು, ಕಡೆಗೆ ಹೊಳೆ. ಸುಳ್ಳಂತೂ ಧಾರಾಳ.

"ಇಲ್ಲೇ ನೋಡು, ಬಾದಶಹಾ ತನ್ನ ಕುದುರಿಗಿ ನೀರು ಕುಡಿಸಿದ್ದು."

"ಯಾವ ಬಾದಶಹಾ, ಕಾಕಿ?"

"ಯಾವನಾರ ಒಬ್ಬಾತ! ನೀರು ಕುಡದದ್ದು ಕುದುರಿ, ಬಾದಶಹಾನ ಹೆಸರು ಕಟಗೊಂಡು ನೀ ಏನ ಮಾಡ್ತಿ?"

ನಡಿಗೆ ಮುಗಿಯುತ್ತಿದ್ದದ್ದು ಹೊಳೆಯ ಓಣಿಯ ತುದಿಯಲ್ಲಿದ್ದ ರಂಗರೇಜನ ಮನೆಯಲ್ಲಿ. ಬಟ್ಟೆಗೆ ಬಣ್ಣ ಹಾಕುವವನು. ಸುತ್ತಲಿನ ಊರುಗಳ ಗಂಡಸರ ರುಮಾಲೆಲ್ಲ ಅವನ ಕೈಯಿಂದಲೇ ಹೊರಬೀಳಬೇಕು. ಅವನ ಹೆಂಡತಿ ಹೊಸಬರ ಸೆರಗಿನ ತುದಿಯನ್ನೋ ದಸ್ತಿಯ ಅಂಚನ್ನೋ ಬಣ್ಣದ ತೊಟ್ಟಿಯಲ್ಲಿ ಅದ್ದಿ ಕೊಡುವಳು. ಅಲ್ಲಿಗೆ ನೀವು ಊರು ನೋಡಿದಿರಿ ಎಂದು ಲೆಕ್ಕ. ನನ್ನ ಮದುವೆ ಸೀರೆಯ ಸೆರಗು ಹಳದಿಯಾದದ್ದು ಕಂಡು ನನಗೆ ಅಳು ಬಂತು. ಆ ಇಬ್ಬರು ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹಾಗಿತ್ತು ಅವರ ಗೆಳೆತನ. ಕಾಕಿಗೆ ಮಕ್ಕಳಿರಲಿಲ್ಲ, ರಂಗರೇಜನ ಹೆಂಡತಿಯ ಬಾಣಂತನಗಳೆಲ್ಲ ಕಾಕಿಯ ಕೈಯಲ್ಲೇ ಆದವು.

ಆಮೇಲೆ ಕೆಟ್ಟ ದಿನಗಳು ಬಂದವು. ನಿಜಾಮನ ಕಡೆಯ ರಜಾಕಾರರು ಬಂದರಂತೆ ಎಂದರೆ ನಾವು ಹೆಂಗಸರು ಜೋಳದ ಹೊಲದಲ್ಲಿ ಅಡಗುತ್ತಿದ್ದೆವು. ಆಗ ಓಣಿಯವರ ಬೆಳ್ಳಿ, ಬಂಗಾರದ ಗಂಟೆಲ್ಲ ಇರುತ್ತಿದ್ದದ್ದು ರಂಗರೇಜನ ನೀಲಿ ತೊಟ್ಟಿಯ ತಳದಲ್ಲಿ. ತಿರುಗಿ ಕೊಡುವಾಗ ಒಂದು ಗೆಜ್ಜೆಯೂ ಕಡಿಮೆಯಾಗಿರಲಿಲ್ಲ. ಮುಂದೆ ಪೋಲೀಸ್ ಆ್ಯಕ್ಷನ್ ಆಯಿತು, ನಿಜಾಮ ಶರಣಾದ, ಹೆದರುವ ಸರದಿ ಮುಸಲ್ಮಾನರದಾಯಿತು. ಮಸೀದಿಯ ಓಣಿಯವರೆಲ್ಲ ಗಾಡಿ ಕಟ್ಟಿಕೊಂಡು ಬೀದರಿನ ಕಡೆ ಹೋದರು. ರಂಗರೇಜನೂ ಹೆಂಡತಿ ಮಕ್ಕಳನ್ನು ಕಳಿಸಿದ, ತಾನು ಹೋಗಲಿಲ್ಲ. ದಸರೆಗೆ ಕೊಡಬೇಕಾದ ಜನರ ಬಟ್ಟೆಯೆಲ್ಲ ತೊಟ್ಟಿಯಲ್ಲಿತ್ತು. ಬಿಟ್ಟು ಹೋದರೆ ಕೊಳೆತುಹೋಗುತ್ತದೆ, ಮುಗಿಸಿ ಬರುತ್ತೇನೆ ಅಂದ. ಆ ಬಟ್ಟೆಗೆ ಬೆಂಕಿ ಬೀಳಲಿ.

ಗಾಡಿ ಹತ್ತುವಾಗ ಅವನ ಹೆಂಡತಿ ಕಾಕಿಯ ಎರಡೂ ಕೈ ಹಿಡಿದುಕೊಂಡಳು. ನಾನು ಅಲ್ಲೇ ನಿಂತಿದ್ದೆ.

"ಅವರನ್ನ ನಿನ್ನ ಮ್ಯಾಲ ಹಾಕಿ ಹೊಂಟೀನಿ, ಅಕ್ಕಾ."

"ನಾ ಇರೂತನಕ ಅವನ ಕೂದಲಾ ಕೊಂಕಂಗಿಲ್ಲ. ನೀ ಹೋಗವಾ."

ಕಾಕಿ ರಂಗರೇಜನ ಮನೆಗೆ ಹೊರಗಿನಿಂದ ಕೀಲಿ ಜಡಿದಳು. ಅವನು ಒಳಗೇ ಕೆಲಸ ಮಾಡುವುದು, ರೊಟ್ಟಿ ಹಿತ್ತಿಲಿನಿಂದ ನಾನು ಒಯ್ಯುವುದು. ಇದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯಕೂಡದು. ಕಾಕಿಯ ಗಂಡ, ನಮ್ಮ ಕಾಕಾ, ಕಣ್ಣಿಗೆ ಪೊರೆ ಬಂದು ಏನೂ ಕಾಣದವನು, ಅಗಸಿಯ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುವವನು. ಅವನಿಗೂ ಹೇಳಲಿಲ್ಲ. "ಈ ಮನಿಷ್ಯಾನ ಬಾಯಾಗ ಒಂದು ಮಾತು ನಿಲ್ಲಂಗಿಲ್ಲವಾ" ಅಂದಳು. ರಂಗರೇಜನೂ ಬೀದರಿಗೆ ಹೋದ ಎಂದೇ ಊರೆಲ್ಲ ಸುದ್ದಿ.

ಅವರು ಬಂದದ್ದು ಒಂದು ಮುಂಜಾನೆ. ಎಲ್ಲಿಯವರೋ, ನಮ್ಮ ಕಡೆಯವರಲ್ಲ, ರಜಾಕಾರರ ಸೇಡನ್ನು ಸಿಕ್ಕ ಮುಸಲ್ಮಾನರ ಮೇಲೆ ತೀರಿಸಲು ಹೊರಟವರು. ಕೈಯಲ್ಲಿ ಬಡಿಗೆ, ಕೊಡಲಿ. ಊರ ಗಂಡಸರು ಹೊಲದಲ್ಲಿದ್ದರು, ಉಳಿದವರು ಬಾಗಿಲು ಹಾಕಿಕೊಂಡರು. ಈ ಊರಾಗ ಇನ್ನ ಯಾರು ಉಳದಾರ ನೋಡಬೇಕು ಎಂದರು. ನಾನು ಕಾಕಿಯ ಬೆನ್ನ ಹಿಂದೆ ಸರಿದೆ. ಕಾಕಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಳಿಯಂದಿರು ಬಂದ ಹಾಗೆ ಬಾಯ್ತುಂಬ ನಕ್ಕಳು.

"ನೋಡ್ರಿ, ನೋಡ್ರಿ! ಊರು ತೋರಿಸೋದು ನಂದೇ ಕೆಲಸ. ಬರ್ರಿ ನನ್ನ ಹಿಂದ."

ನನಗೆ ನೀರಿನ ತಂಬಿಗೆ ಹಿಡಿದು ಬಾ ಎಂದಳು. ಅವತ್ತು ಕಾಕಿ ತೋರಿಸಿದ ಊರನ್ನು ನಾನು ಸಾಯುವವರೆಗೆ ಮರೆಯಲಾರೆ. ಒಂದೊಂದು ಖಾಲಿ ಮನೆಯ ಬಾಗಿಲನ್ನೂ ದೂಡಿ ತೋರಿಸಿದಳು. ಬಾವಿಯ ಮೆಟ್ಟಿಲಿಳಿಸಿದಳು. ಬಾದಶಹಾನ ಕುದುರೆಯನ್ನೂ ಬಿಡಲಿಲ್ಲ. ಅವರಲ್ಲಿ ಒಬ್ಬ ನಕ್ಕೂಬಿಟ್ಟ. ಗಾಣದ ಕಲ್ಲಿನ ಹತ್ತಿರ ಹೊಳೆಯ ಓಣಿ ಬಂತು. ಕಾಕಿ ಅದರತ್ತ ತಿರುಗಿಯೂ ನೋಡದೆ ಮಾತಾಡುತ್ತಲೇ ಅವರನ್ನು ಅಗಸಿಗೆ ತಂದು ನಿಲ್ಲಿಸಿದಳು. ಅವರ ಮುಖದಲ್ಲಿ ಬೇಸರವಿತ್ತು. ನೀರು ಕುಡಿದರು. ಇನ್ನೇನು ಹೊರಟೇಬಿಟ್ಟರು. ಬೆವರಿನಲ್ಲಿ ಕಾಕಿಯ ಹಣೆಯ ವಿಭೂತಿ ಪೂರ್ತಿ ಇಳಿದುಹೋಗಿತ್ತು.

ಆಗ ಕಟ್ಟೆಯ ಮೇಲಿಂದ ಕಾಕಾ ಕೂಗಿದ.

"ಏ ಇಕಿನ, ಹಂಗೇ ಕಳಸ್ತಿ ಏನ ಮಂದೀನ? ಅವರ ದಸ್ತಿ ಬಣ್ಣದಾಗ ಅದ್ದಿಸಲೇ ಇಲ್ಲ! ರಂಗರೇಜ ಮನ್ಯಾಗೇ ಅದಾನ. ದಾಳಿಂಬ್ರ ಸಿಪ್ಪಿ ಕುದಿಯೋ ವಾಸನಿ ಮುಂಜಾನಿಂದ ಬರ್ಲಾಕ ಹತ್ಯಾದಲ್ಲ!"

ಎಷ್ಟು ಖುಷಿಯಿಂದ ಹೇಳಿದ, ದೇವರೇ! ಊರಿಗೆ ಬಂದವರ ಮರ್ಯಾದೆಗೆ ಕಡಿಮೆಯಾಗಬಾರದು ಎಂಬುದೊಂದೇ ಅವನ ತಲೆಯಲ್ಲಿ. ಅವರ ಕೈಯ ಕೊಡಲಿ ಅವನಿಗೆ ಕಾಣಲಿಲ್ಲ. ಕಾಣುವ ಕಣ್ಣೇ ಅವನಿಗಿರಲಿಲ್ಲವಲ್ಲ...

ಹುಚ್ಚ ಮುದುಕ ಅವ, ಅವನ ಮಾತು ಕೇಳಬ್ಯಾಡ್ರಿ ಎಂದು ಕಾಕಿ ಚೀರಿದಳು. ಅಷ್ಟರಲ್ಲಿ ಅವರು ತಿರುಗಿದ್ದರು. ಅವಳು ಓಡಿ ಹೋಗಿ ಓಣಿಯ ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. ದೂಡಿದರು. ಗಾಣದ ಕಲ್ಲಿನ ಮೇಲೆ ಬಿದ್ದಳು. ಕೀಲಿ ಒಡೆದ ಸದ್ದು ಕೇಳಿಸಿತು. ಮುಂದಿನದನ್ನು ಬರೆಯಲು ನನ್ನಿಂದಾಗದು. ಸಂಜೆ ಹೊಲದಿಂದ ಬಂದ ಗಂಡಸರು ರಂಗರೇಜನನ್ನು ಹೊಳೆಯಿಂದ ಎತ್ತಿ ತಂದು ಮಸೀದಿಯ ಹಿಂದೆ ಮಣ್ಣು ಮಾಡಿದರು.

ಕಾಕಾನಿಗೆ ಏನು ಹೇಳುವುದು? ಅವನು ಕೇಳಿಯೇ ಕೇಳಿದ, ಏನದು ಗದ್ದಲ ಎಂದು. ರಂಗರೇಜ ಹಿತ್ತಿಲಿಂದ ಹಾರಿ ಬೀದರಿಗೆ ಹೋದ ಎಂದು ಕಾಕಿ ಹೇಳಿದಳು. ಒಡೆದ ತುಟಿಯಿಂದ ರಕ್ತ ಸುರಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. ಛಲೋ ಆಯ್ತು ಬಿಡು ಅಂದ ಮುದುಕ. ನಿಜ ಗೊತ್ತಾದರೆ ಅವನು ಬಾವಿಗೆ ಹಾರುತ್ತಿದ್ದ, ಅದು ಊರಿಗೆಲ್ಲ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಗಲಾಟೆ ತಣ್ಣಗಾದ ಮೇಲೆ ರಂಗರೇಜನ ಹೆಂಡತಿ ಬಂದಳು. ನೇರ ಕಾಕಿಯ ಅಂಗಳಕ್ಕೇ ಬಂದಳು. ಅತ್ತು ಅತ್ತು ಅವಳ ಮುಖ ಗುರುತು ಸಿಗದ ಹಾಗಾಗಿತ್ತು. ಅವಳು ಬತ್ತಿದ ದನಿಯಲ್ಲಿ ಕೇಳಿದ್ದು ಒಂದೇ ಮಾತು.

"ಕೀಲಿ ಹಾಕಿದ ಮನಿ ಅವರಿಗ್ಯಾರು ತೋರಿಸಿದ್ರು?"

ಕಾಕಿ ಒಮ್ಮೆ ಒಳಗೆ ನೋಡಿದಳು. ಒಳಗೆ ಕಾಕಾ ಹಗ್ಗದ ಮಂಚದ ಮೇಲೆ ಕೂತಿದ್ದ.

"ನಾನೇ ತೋರಿಸಿದೆ," ಅಂದಳು.

ನಾನು ಬಾಯಿ ತೆರೆಯಹೋದೆ. ಕಾಕಿ ನನ್ನತ್ತ ನೋಡಿದ ನೋಟಕ್ಕೆ ನಾಲಿಗೆ ಒಳಗೇ ಹೋಯಿತು. ಅಷ್ಟರಲ್ಲಿ ಮಂಚದ ಮೇಲಿಂದ ದನಿ ಬಂತು.

"ಯಾರವಾ ಬಂದೋರು? ರಂಗರೇಜನ ಮನಿಯಾಕೀ ಏನ? ಹ್ಯಾಂಗದಾನವಾ ಅವ? ನನ್ನ ರುಮಾಲ್ ಮರತಾನೋ ಏನ!"

ಈ ಮುದುಕನಿಗೆ ಯಾರೂ ಹೇಳಿಲ್ಲ ಎಂಬುದು ಅವಳಿಗೆ ತಿಳಿಯಿತು. ಕಣ್ಣು ಒರೆಸಿಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದಳು.

"ಛಲೋ ಅದಾರ, ಚಾಚಾ. ಬೀದರದಾಗ ಅದಾರ. ನಿಮ್ಮನ್ನ ಭಾಳ ನೆನಸ್ತಾರ."

ಆಮೇಲೆ ಕಾಕಿಯ ಕಡೆ ತಿರುಗಿ, ದನಿ ಎತ್ತದೆ, ನೀ ಹುಳಾ ಬಿದ್ದು ಸಾಯಿ ಎಂದು ಹೋದಳು. ಹೋದವಳು ಮತ್ತೆ ಆ ಊರಿಗೆ ಕಾಲಿಡಲಿಲ್ಲ.

ಕಾಕಿ ಅವತ್ತಿನಿಂದ ಯಾರಿಗೂ ಊರು ತೋರಿಸಲಿಲ್ಲ. ಹೊಸ ಸೊಸೆಯರು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾಕಾ ನೆಮ್ಮದಿಯಿಂದ ಬದುಕಿ, ನೆಮ್ಮದಿಯಿಂದಲೇ ಸತ್ತ. ಅವನ ಕಾರ್ಯ ಮುಗಿದ ಮೇಲೆ ನಾನು ತಡೆಯಲಾರದೆ ಕೇಳಿದೆ, ಇನ್ನಾದರೂ ಬೀದರಿಗೆ ಹೋಗಿ ಆಕೆಗೆ ಇದ್ದದ್ದು ಹೇಳಬಾರದೇ ಎಂದು.

"ಸತ್ತವನಿಗಿ ಶಾಪಾ ಹತ್ತಂಗಿಲ್ಲೇನ? ನನಗೇ ಹತ್ತಲಿ, ನಾ ಇನ್ನಾ ಗಟ್ಟಿ ಅದೇನಿ," ಅಂದಳು. ನನ್ನ ಕೈಯನ್ನು ತನ್ನ ಕೊರಳ ಲಿಂಗದ ಮೇಲೆ ಇಟ್ಟುಕೊಂಡು, ಎಂದಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡಳು. ಬಹಳ ವರ್ಷ ಒಂಟಿಯಾಗಿ ಬದುಕಿ ಹೋದಳು.

ನಾವು ಬೀದರಿಗೆ ಬಂದು ನೆಲೆಸಿದ ಮೇಲೆ ಒಮ್ಮೆ, ಇಲ್ಲಿಯ ಹಳೆಪೇಟೆಯ ಸಂತೆಯಲ್ಲಿ ಮುದುಕಿಯೊಬ್ಬಳು ನನ್ನ ಮುಖವನ್ನೇ ನೋಡುತ್ತ ನಿಂತಳು. ರಂಗರೇಜನ ಹೆಂಡತಿ. ಮಗಳ ಮನೆಯಲ್ಲಿದ್ದಳಂತೆ. ಅದೂ ಇದೂ ಮಾತಾಡಿ, ಕಡೆಗೆ ಕೇಳಿದಳು.

"ಆಕಿ ಅದಾಳ?"

ಇಲ್ಲ, ಹೋದಳು ಅಂದೆ. ಅವಳು ಅಲ್ಲೇ ಸಂತೆಯ ಕಲ್ಲಿನ ಮೇಲೆ ಕೂತುಬಿಟ್ಟಳು.

"ದಿನಾ ನಮಾಜ್ ಮಾಡಿ ಆಕಿ ಸಾಯಲಿ ಅಂತ ಕೇಳತಿದ್ದೆ," ಅಂದಳು. "ನನ್ನ ಮಕ್ಕಳನ್ನ ಹೊಟ್ಟಿಯಿಂದ ತಗದಾಕಿ ಆಕಿ. ಈಗ ದೇವರಿಗೆ ಏನಂತ ಕೇಳಲಿ?"

ಆಣೆ ನೆನಪಾಯಿತು, ನಿಜ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಅವಳು ಅಂದು ಕರುಣೆಯಿಂದ ಮಾತಾಡಿಸಿದ ಕುರುಡ ಮುದುಕನೂ ಅವಳ ಪಾಲಿಗೆ ಇಲ್ಲವಾಗುತ್ತಿದ್ದ. ಅವಳ ಕೈ ಹಿಡಿದು ಎಬ್ಬಿಸಿದೆ, ಮಗಳ ಮನೆಯ ತಿರುವಿನವರೆಗೆ ಬಿಟ್ಟು ಬಂದೆ.

ಈಗ ಅವಳೂ ಇಲ್ಲ. ಮೊಮ್ಮಗಳು ತಲೆನೋವಿನ ಗುಳಿಗೆ ತಂದು ಕೊಟ್ಟಳು, ನುಂಗಿದೆ. ಅವಳು ಮಲಗಿದ ಮೇಲೆ ಇದನ್ನು ಬರೆಯಲು ಕೂತೆ. ಆಣೆ ಮುರಿದದ್ದಾಯಿತು. ಇದನ್ನು ಕೇಳಿ ಕಾಕಿಯನ್ನು ಕ್ಷಮಿಸಬೇಕಾದವಳು ಒಬ್ಬಳೇ ಇದ್ದಳು, ಅವಳು ನಿಜ ತಿಳಿಯದೆಯೇ ಹೋದಳು.